ತೊಗರಿ ಗೋದಾಮಿನ ಗ್ಲೌಸ್

೧೧ ಮೇ ೨೦೨೧
ಬೆಳಿಗ್ಗೆಯಿಂದಲೇ ನನ್ನ ಮೆಡಿಕಲ್ ಏಜೆನ್ಸಿಗೆ ಇಂಡಿ ಪಟ್ಟಣದ ಆಸ್ಪತ್ರೆಗಳ ಫೋನ್. ಸರ್ಜಿಕಲ್ ಗ್ಲೌಸ್ ಬೇಕಂತೆ. ದರ ಹೊತ್ತಿಗೊಂದು. ಸಿಕ್ಕಷ್ಟೂ ಕೊಂಡು ಸಿಂದಗಿಯ ನಮ್ಮ ತೊಗರಿ ಗೋದಾಮಿಗೆ ತುಂಬಿದೆ. ಅಪ್ಪ ಖುಷಿ. "ತೊಗರಿ ಇಟ್ಟಂಗ ಇಡು. ದರ ಏರಿದಾಗ ಬಿಡೂಣು." ತೊಗರಿ ವ್ಯಾಪಾರಿಯ ಮಗ ನಾನು. ತಡೆದು ಮಾರಿದವನೇ ಗೆದ್ದ.

೩ ನವೆಂಬರ್
ದರ ಇಳಿಯುತ್ತಿದೆ. ಹೊರದೇಶದ ಮಾಲು ಬಂದು ಬಿದ್ದಿದೆ. ಮಾರೋಣ ಎಂದೆ. "ತಡಿ, ಮತ್ತ ಏರ್ತೈತಿ" — ಅಪ್ಪ. ಕೊರೊನಾ ಮತ್ತೆ ಬರಲಿ ಎಂದು ಒಳಗೊಳಗೇ ಬೇಡಿಕೊಂಡೆ. ಥೂ ನನ್ನ ಬುದ್ಧಿಗೆ.

೨೬ ಏಪ್ರಿಲ್ ೨೦೨೨
ದರ ಪಾತಾಳಕ್ಕೆ. ಗೋದಾಮು ತೆರೆದರೆ ತಗಡಿನ ಕೆಳಗೆ ಒಲೆ. ಝಳಕ್ಕೆ ರಬ್ಬರ್ ಹಳದಿಯಾಗಿದೆ. ಎಳೆದರೆ ಪಟ್ಟನೆ ಹರಿಯುತ್ತದೆ. ಎಲ್ಲವೂ ಅಲ್ಲ... ಮುದ್ದೇಬಿಹಾಳದ ಒಂದು ನರ್ಸಿಂಗ್ ಹೋಂ ಅಗ್ಗಕ್ಕೆ ಒಯ್ದಿತು. ತಂಗಿ ಭಾಗ್ಯಜ್ಯೋತಿ ಅಲ್ಲೇ ನರ್ಸ್. ಅವಳೇ ಡಾಕ್ಟರಿಗೆ ಹೇಳಿ ಕೊಡಿಸಿದಳು.

೯ ಮೇ
ಭಾಗ್ಯಾ ಫೋನ್. "ಅಣ್ಣಾ, ಗ್ಲೌಸ್ ಹಾಕ್ಕೊಳ್ಳೂವಾಗ ಹರಿಯಾಕತ್ತಾವ. ಎರಡೆರಡು ಹಾಕ್ಕೊಳ್ಳಾಕತ್ತೇವಿ."
"ಉಗುರು ತಗಿ" ಎಂದೆ. ನಕ್ಕಳು.

೨೦ ಮೇ
ಹೆರಿಗೆ ಮಾಡಿಸುವಾಗ ಗ್ಲೌಸ್ ಹರಿದಿದೆ. ಬಾಣಂತಿಯ ರಕ್ತ ಭಾಗ್ಯಾಳ ಬೆರಳಿನ ಗಾಯಕ್ಕೆ ತಾಗಿದೆ. ಬಾಣಂತಿಗೆ ಎಚ್‌ಐವಿ. ತಿಂಗಳಿಡೀ ಮಾತ್ರೆ ನುಂಗಬೇಕು, ಮೂರು ತಿಂಗಳಾದ ಮೇಲೆ ಟೆಸ್ಟ್.
"ಅಪ್ಪಗ ಹೇಳಬ್ಯಾಡ. ಅತ್ತಿ ಮನ್ಯಾಗೂ ಗೊತ್ತಾಗಬಾರ್ದು." ಫೋನ್ ಇಡುವ ಮೊದಲು, "ಉಗುರು ತಗದಿದ್ನಿ ಅಣ್ಣಾ" ಎಂದಳು.
ಬೈದಿದ್ದರೆ ಚೆನ್ನಾಗಿತ್ತು.

೨೧ ಮೇ
ನರ್ಸಿಂಗ್ ಹೋಂನಲ್ಲಿ ಉಳಿದ ಪೆಟ್ಟಿಗೆಗಳನ್ನೆಲ್ಲ ವಾಪಸ್ ತಂದು ಗೋದಾಮಿಗೆ ಹಾಕಿದೆ. ಸುಡಬೇಕು. ನಾಳೆ.

೪ ಜೂನ್
ಗೋದಾಮು ಖಾಲಿ. ಬಸವನ ಬಾಗೇವಾಡಿಯ ಯಾಸೀನನ ಮೆಡಿಕಲ್ ಅಂಗಡಿಗೆ ಅಪ್ಪ ಎಲ್ಲ ಮಾರಿದ್ದಾರೆ. "ಹುಳಾ ಬಿದ್ದ ತೊಗರೀನೂ ಮಾರೇವಿ. ಇದಕ್ಕೇನಾಗೇತಿ?" ಏನಾಗಿದೆ ಎಂದು ಹೇಗೆ ಹೇಳಲಿ?
ಯಾಸೀನನಿಗೆ ಫೋನ್ ಮಾಡಿದೆ. "ಎಲ್ಲಾ ಹೋಗ್ಯಾವ್ರಿ. ಇನ್ನೂ ಅದಾವೇನ್ರಿ?"

೨೬ ಆಗಸ್ಟ್
ಇಂದು ಭಾಗ್ಯಾಳ ಟೆಸ್ಟ್. ಮುದ್ದೇಬಿಹಾಳದಲ್ಲಿ ಎಲ್ಲರೂ ಗುರುತಿನವರೇ. ಬಾಗೇವಾಡಿಯ ಲ್ಯಾಬಿಗೆ ಕರೆದೊಯ್ದೆ. ರಕ್ತ ತೆಗೆಯುವ ಹುಡುಗಿ ಗ್ಲೌಸ್ ಏರಿಸಿಕೊಂಡಳು. ಹಳದಿ. ನಮ್ಮದೇ. ಹೆಬ್ಬೆರಳ ಬುಡದಲ್ಲಿ ಆಗಲೇ ಸೀಳಿತ್ತು. ಅವಳು ನೋಡಲಿಲ್ಲ.
ಹೇಳಬೇಕಿತ್ತು. ಹೇಳಿದರೆ ಭಾಗ್ಯಾಗೂ ತಿಳಿಯುತ್ತದೆ, ಹಾಳಾದದ್ದು ಗೊತ್ತಿದ್ದೇ ಕೊಟ್ಟೆ ಎಂದು. ಆದರೂ ಬಾಯಿ ತೆರೆದೆ.
"ಸೂಜಿ ನೋಡಬ್ಯಾಡ ಅಣ್ಣಾ, ನಿನಗ ತಲಿ ತಿರುಗ್ತೈತಿ" ಎಂದಳು ಭಾಗ್ಯಾ.
ಮುಖ ತಿರುಗಿಸಿದೆ. ಆ ಹುಡುಗಿ ಅದೇ ಸೀಳಿದ ಗ್ಲೌಸಿನಲ್ಲೇ ಭಾಗ್ಯಾಳ ರಕ್ತ ತೆಗೆದಳು.