ಹದಿನಾಲ್ಕನೆಯ ಪ್ರಶ್ನೆ

ಎರ್ಮಾಳ್
9 ನವೆಂಬರ್ 2025

ಪ್ರೀತಿಯ ದೀಕ್ಷಿತಾ,

ನಿನ್ನ ಸೊಂಟನೋವು ಈಗ ಹೇಗುಂಟು? ಡ್ಯೂಟಿ ಮುಗಿಸಿ ಬಂದು ಬರೀ ಚಹಾ ಕುಡಿದು ಮಲಗಬೇಡ, ಎರಡು ತುತ್ತು ತಿಂದು ಮಲಗು. ಇಲ್ಲಿ ನಿನ್ನ ಮಾವನ ಬಿಪಿ ಹತೋಟಿಯಲ್ಲಿದೆ. ಧೃತಿಯ ಮುಂದಿನ ಹಲ್ಲು ಬಿತ್ತು. ಅಮ್ಮನಿಗೆ ತೋರಿಸಬೇಕೆಂದು ಬೆಂಕಿಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾಳೆ. ಪಕ್ಕದ ಮನೆಯ ಮೋಕ್ಷಾಳ ರಜೆ ಮುಗಿಯಿತು, ಇವತ್ತು ಮಸ್ಕತ್ತಿಗೆ ಹೊರಡುತ್ತಾಳೆ. ಅವಳ ಕೈಯಲ್ಲಿ ಇದನ್ನು ಕೊಡುತ್ತೇನೆ. ಫೋನಿನಲ್ಲಿ ಹೇಳಲು ಹೋದರೆ ಇಬ್ಬರೂ ಅಳುತ್ತೇವೆ.

ಮೊನ್ನೆ ಗುರುವಾರ ನಾನೂ ಮಾವನೂ ಉಡುಪಿಗೆ, ವಕೀಲೆ ಮೇಬಲ್ ಅವರ ಆಫೀಸಿಗೆ ಹೋಗಿದ್ದೆವು. ಮನೀಶ್ ಹೋಗಿ ಎರಡು ವರ್ಷವಾಗುತ್ತಾ ಬಂತು. ಕೆಂಪು ಸಮುದ್ರದಲ್ಲಿ ಅವನ ಹಡಗಿನ ಮೇಲೆ ಡ್ರೋನ್ ಬಿಟ್ಟ ಉಗ್ರರಿಗೆ ಹಣ ಒದಗಿಸಿದ ಕಂಪನಿಯ ಆಸ್ತಿಯನ್ನು ಹೊರದೇಶದ ಕೋರ್ಟು ಮುಟ್ಟುಗೋಲು ಹಾಕಿದೆಯಲ್ಲ, ಆ ಹಣದಲ್ಲಿ ಸತ್ತ ನಾವಿಕರ ಮನೆಯವರಿಗೆ ಪರಿಹಾರ ಕೊಡುತ್ತಾರಂತೆ, ಅದರ ಅರ್ಜಿ ಈಗ ಬಂದಿದೆ. ಹೆಂಡತಿ, ತಾಯಿ, ತಂದೆ ಬೇರೆ ಬೇರೆ ಹೇಳಿಕೆ ಕೊಡಬೇಕಂತೆ. "ಮಗ ಹೇಗಿದ್ದ, ಸರಸಕ್ಕ? ನಿಮಗೆ ತೋಚಿದ ಹಾಗೆ ಹೇಳಿ" ಎಂದರು ಮೇಬಲ್. ನನಗೆ ದೊಡ್ಡ ಮಾತು ಯಾವುದೂ ಬರಲಿಲ್ಲ. ರಜೆಯಲ್ಲಿ ಬಂದಾಗ ಮಗಳ ಜಡೆಯನ್ನು ಹಡಗಿನ ಹಗ್ಗ ಹೆಣೆದಷ್ಟು ಬಿಗಿಯಾಗಿ ಹೆಣೆಯುತ್ತಿದ್ದ, ಮಗು ಅತ್ತರೂ ಮಾರನೆಯ ದಿನ ಮತ್ತೆ ಅಪ್ಪನೇ ಹೆಣೆಯಬೇಕೆಂದು ಹಟ ಮಾಡುತ್ತಿತ್ತು ಎಂದೆ. ಅವರು ಅದನ್ನೇ ಬರೆದುಕೊಂಡರು.

ಅರ್ಜಿಯ ಹದಿನಾಲ್ಕನೆಯ ಪ್ರಶ್ನೆ, ಮೃತನ ಪತ್ನಿ ಮರುಮದುವೆಯಾಗಿದ್ದಾಳೆಯೇ ಎಂದು. ಆಗ ಮಾವ ಕಿಸೆಯಿಂದ ಒಂದು ಕಾಗದ ತೆಗೆದರು. ನನಗೆ ಗೊತ್ತೇ ಇರಲಿಲ್ಲ. ಪಡುಬಿದ್ರಿಯ ಅವರ ಚಿಕ್ಕಪ್ಪನ ಮಗ ಬರೆಸಿಕೊಟ್ಟದ್ದಂತೆ: ನೀನು ಇನ್ನು ಮದುವೆಯಾಗುವುದಿಲ್ಲ, ಒಂದು ವೇಳೆ ಮದುವೆಯಾದರೆ ನಿನ್ನ ಪಾಲು ಬಿಟ್ಟುಕೊಡುತ್ತೀ ಎಂದು. ನೀನು ಬಂದಾಗ ಸಹಿ ಹಾಕಿಸಲು ಇಟ್ಟುಕೊಂಡಿದ್ದರು. ಕೆಟ್ಟ ಮನಸ್ಸಿನಿಂದಲ್ಲ ಮಗಾ, ನಿನ್ನ ಹಿಂದೆ ಧೃತಿಯೂ ಹೋಗಿಬಿಡುತ್ತಾಳೆಂಬ ಹೆದರಿಕೆಯಿಂದ. ಮೇಬಲ್ ಓದಿ ವಾಪಸು ಕೊಟ್ಟರು. "ದೂಮಪ್ಪಣ್ಣ, ಮನೀಶ್ ತೀರಿಹೋದ ದಿನ ಅವಳು ಅವನ ಹೆಂಡತಿ ಅಲ್ವಾ? ಕೋರ್ಟಿಗೆ ಅಷ್ಟೇ ಬೇಕಾದ್ದು. ಮುಂದೆ ಮದುವೆಯಾದರೂ ಅವಳ ಪಾಲು ಅವಳದ್ದೇ. ಇಂಥ ಕಾಗದಕ್ಕೆ ಬೆಲೆ ಇಲ್ಲ. ಆದರೆ ಇದನ್ನು ಓದಿದ ಮೇಲೆ ಅವಳು ನಿಮ್ಮ ಮನೆಗೆ ಬರುವುದುಂಟಾ?"

ಮಾವ ಕಾಗದ ಮಡಚಿ ಮತ್ತೆ ಕಿಸೆಗೆ ಹಾಕಿಕೊಂಡರು. ಬಸ್ಸು ಕಟಪಾಡಿ ದಾಟಿತು, ಕಾಪು ದಾಟಿತು. ಉಚ್ಚಿಲ ಬಂದಾಗ, "ಆ ಹುಡುಗಿಗೆ ಮೂವತ್ತೂ ಆಗಿಲ್ಲ ಮಾರಾಯ್ತಿ" ಎಂದರು. ಮನೆಗೆ ಬಂದವರೇ ಕಾಗದವನ್ನು ಬಚ್ಚಲೊಲೆಗೆ ಹಾಕಿದರು. ನಿನಗೆ ಹೇಳಬೇಡ ಎಂದಿದ್ದಾರೆ. ಮುಚ್ಚಿಟ್ಟರೆ ನಿನ್ನ ಮುಖ ನೋಡಿ ಮಾತಾಡಲು ನನ್ನಿಂದಾಗದು, ಅದಕ್ಕೇ ಬರೆದೆ. ಅವರ ಮೇಲೆ ಬೇಸರ ಮಾಡಬೇಡ.

ನಿನ್ನ ಹೇಳಿಕೆ ಕೊಡಲು ಡಿಸೆಂಬರಿನಲ್ಲಿ ನೀನೇ ಬರಬೇಕು. ಏನು ಹೇಳಲಿ ಎಂದು ಈಗಿನಿಂದಲೇ ನಿದ್ದೆಗೆಡಬೇಡ. ಕುಳಿತಾಗ ತಾನಾಗಿ ಬರುತ್ತದೆ. ದೇವರು ನಿನ್ನನ್ನು ತಣ್ಣಗಿಡಲಿ.

ನಿನ್ನ ಅತ್ತೆ,
ಸರಸ

ತಾ.ಕ.: ಮೋಕ್ಷಾ ಗೇಟಿನಲ್ಲಿ ನಿಂತಿದ್ದಾಳೆ. ನಿನ್ನ ಆಸ್ಪತ್ರೆಯ ಲ್ಯಾಬಿನಲ್ಲಿರುವ ಕಾರ್ಕಳದ ಅಖಿಲನ ವಿಷಯ ನನಗೆ ತಿಳಿಯಿತು. ಅವಳನ್ನು ಬೈಯಬೇಡ, ನಾನೇ ಒತ್ತಾಯಿಸಿ ಕೇಳಿದ್ದು. ನಿನ್ನೆ ಮಾವನಿಗೂ ಹೇಳಿದೆ. ಡಿಸೆಂಬರಿನಲ್ಲಿ ಅವನನ್ನೂ ಕರೆದುಕೊಂಡು ಬರಲಿ ಎಂದರು. ಅವನು ಮೀನು ತಿನ್ನುತ್ತಾನೋ ಇಲ್ಲವೋ, ಮೊದಲೇ ತಿಳಿಸು.