ಎರಡನೇ ಬ್ರೇಕು

ಮಾರ್ಚ್ 4, ಸಂಜೆ

ಇವತ್ತೂ ಹಳೇ ಮಾರ್ಕೆಟ್ ಸುತ್ತಲೇ ಪಾಠ. ರಿವರ್ಸ್, ಯು-ಟರ್ನ್, ಏರಿನಲ್ಲಿ ಹಾಫ್ ಕ್ಲಚ್. ಮುಗಿಸಿ ಬರುವಷ್ಟರಲ್ಲಿ ಡ್ರೈವಿಂಗ್ ಸ್ಕೂಲಿನ ಯಜಮಾನರು ಕರೆದರು. ಟೆಸ್ಟ್ ಮೈದಾನ ನದಿಯ ಆಚೆಗೆ ಹೋಯಿತಂತೆ.

"ಇನ್ಮೇಲೆ ಎಲ್ಲರಿಗೂ ಸೇತುವೆ ಮೇಲೆ ಅಭ್ಯಾಸ ಮಾಡಿಸ್ಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಮ್ಮ, ಬೇರೆಯವರನ್ನ ನೋಡ್ಕೋತೀನಿ."

ಆಗುತ್ತೆ ಸರ್ ಅಂದೆ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತೆ.

ಹೋದ ವರ್ಷ ಆ ಸೇತುವೆಯ ನಡುವೆ ಎದೆ ಹಿಡಿದುಕೊಂಡಿತ್ತು. ಸತ್ತೇ ಹೋದೆ ಅಂದುಕೊಂಡೆ. ಇಸಿಜಿ ನಾರ್ಮಲ್. ಅವತ್ತಿನಿಂದ ದಾಟಿಲ್ಲ. ಊರಿಗೆಲ್ಲ ಡ್ರೈವಿಂಗ್ ಕಲಿಸುವವಳು! ನಗುವವರು ನಗಲಿ.

ಮಾರ್ಚ್ 9

ಮನೋವೈದ್ಯೆಯ ಹತ್ತಿರ ಹೋಗಿಬಂದೆ. ನನಗಿಂತ ಚಿಕ್ಕವರು. ಪ್ಯಾನಿಕ್ ಅಟ್ಯಾಕ್ ಅಂತೆ.

"ಓಡ್ಬೇಡಿ. ಎದೆ ಹೊಡ್ಕೊಳ್ಳಲಿ ಬಿಡಿ, ಅದು ಏರುತ್ತೆ, ಆಮೇಲೆ ತಾನಾಗೇ ಇಳಿಯುತ್ತೆ. ಮೊದಲು ನಡ್ಕೊಂಡು ಹೋಗಿ. ಆಮೇಲೆ ಬಸ್ಸು. ಕಾರು ಕೊನೇಗೆ."

ಹೇಳುವುದಕ್ಕೇನು, ಹೊಡೆದುಕೊಳ್ಳುವುದು ನನ್ನ ಎದೆ ತಾನೇ.

ಮಾರ್ಚ್ 15, ಬೆಳಿಗ್ಗೆ

ನಮ್ಮ ಮನೆಯವರ ಕೈ ಹಿಡಿದು ಅರ್ಧ ಸೇತುವೆ ನಡೆದೆ.

"ಸೇತುವೆ ಏನೂ ಬೀಳಲ್ಲ ಕಣೇ."

"ಅದು ಬೀಳುತ್ತೆ ಅಂತ ಯಾರಂದ್ರು? ಬೀಳೋದು ನಾನು."

ಇವರು ನಕ್ಕರು. ನನಗೆ ಅಳು ಬಂತು.

ಮಾರ್ಚ್ 22

ಒಬ್ಬಳೇ ದಾಟಿದೆ! ನಡೆದು. ನಡುವೆ ಕಣ್ಣು ಕತ್ತಲಿಟ್ಟಿತು, ಕಂಬಿ ಹಿಡಿದು ನಿಂತೆ, ಇಳಿಯಿತು. ನಿಜವಾಗಲೂ ಇಳಿಯಿತು. ಆಚೆ ಬದಿ ಹುಚ್ಚಿಯ ಹಾಗೆ ನಕ್ಕೆ.

ಆದರೆ ಯಜಮಾನರಿಗೆ ಪುರುಸೊತ್ತಿಲ್ಲ. ನಾಳೆಯೇ ರಾಕೆಟ್ಟನ್ನು ಸೇತುವೆಗೆ ಕರೆದುಕೊಂಡು ಹೋಗಬೇಕಂತೆ. ರಾಕೆಟ್ ಎಂದರೆ ಬೇಕರಿಯ ಹುಡುಗಿ. ಮೊದಲ ದಿನವೇ ಆಕ್ಸಿಲರೇಟರ್ ತುಳಿದ ರೀತಿಗೆ ನಾನೇ ಇಟ್ಟ ಹೆಸರು. ಭಯ ಅನ್ನುವುದೇ ಗೊತ್ತಿಲ್ಲ. ಲೈಸೆನ್ಸ್ ಸಿಕ್ಕರೆ ಬೇಕರಿಯ ವ್ಯಾನ್ ಓಡಿಸುವ ಕೆಲಸ ಅವಳಿಗೇ.

ಡಾಕ್ಟರಿಗೆ ಫೋನ್ ಮಾಡಿದೆ. "ಇಷ್ಟು ಬೇಗ ಬೇಡ, ಪಾಠದ ಕಾರಲ್ಲಂತೂ ಬೇಡ್ವೇ ಬೇಡ" ಎಂದರು. ಸಂಬಳ ಕೊಡುವವರು ಡಾಕ್ಟರಲ್ಲವಲ್ಲ.

ಮಾರ್ಚ್ 23

ಚೆನ್ನಾಗಿ ಓಡಿಸುತ್ತಿದ್ದಳು. ಹಾಡು ಗುನುಗುತ್ತ. ನಡುವೆ ಬಂದೆವು... ಎದೆ ಹಿಡಿಯಿತು. ಪಾಠದ ಕಾರಿನಲ್ಲಿ ನನ್ನ ಕಾಲಡಿಗೂ ಒಂದು ಬ್ರೇಕ್ ಇದೆ. ಯಾವಾಗ ತುಳಿದೆನೋ ಗೊತ್ತಿಲ್ಲ. ಕಾರು ಗಕ್ಕನೆ ನಿಂತಿತು. ಹಿಂದಿನ ಲಾರಿ ಬಂದು ಬಂಪರಿಗೆ ಗುದ್ದಿತು. ಯಾರಿಗೂ ಏಟಾಗಲಿಲ್ಲ. ಲಾರಿಯವನು ಬಾಯಿಗೆ ಬಂದಂತೆ ಬೈದ, ಅವಳನ್ನು.

"ನಾನೇನು ಮಾಡ್ದೆ ಅಕ್ಕ? ಬ್ರೇಕ್ ತುಳಿದ್ಬಿಟ್ನಾ?"

ಬಂಪರ್ ನೋಡುವ ನೆಪದಲ್ಲಿ ಕಾರಿನಿಂದ ಇಳಿದೆ. ಆಫೀಸಿನಲ್ಲಿ ಯಜಮಾನರು ಕೇಳಿದಾಗ ಅವಳೇ ಹೇಳಿದಳು: "ನಾನೇ ಸರ್. ಗಾಬರಿಯಲ್ಲಿ ಕಾಲು ಬಿತ್ತು." ಪಾಪ, ಹಾಗೇ ನಂಬಿದ್ದಾಳೆ. ನಾನು ಪಕ್ಕದಲ್ಲೇ ಇದ್ದೆ. ಯಜಮಾನರು ನನಗೆ ನೀರು ತರಿಸಿ ಕೊಟ್ಟರು. ಕುಡಿದೆ.

ಏಪ್ರಿಲ್ 6

ರಾಕೆಟ್ ಪಾಠಕ್ಕೆ ಬಂದೇ ಇಲ್ಲ. ಡಾಕ್ಟರ್ ಹತ್ತಿರ ನಾನೂ ಹೋಗಿಲ್ಲ. ಜ್ವರ ಎಂದು ಹೇಳಿಸಿದೆ. ಹೋದರೆ ಹೇಳಬೇಕಾಗುತ್ತದೆ.

ಬೇಕರಿಯ ಮುಂದೆ ಹೋಗುವುದನ್ನೂ ಬಿಟ್ಟಿದ್ದೇನೆ.

ಏಪ್ರಿಲ್ 11

ಬಂದಳು. ಸ್ಟೇರಿಂಗ್ ಒದ್ದೆ ಮಾಡಿದಳು, ಅಷ್ಟು ಬೆವರು. ಹಾಡು ಗೀಡು ಇಲ್ಲ. ಸೇತುವೆಯ ತಿರುವಿಗೆ ಮೊದಲೇ ಕಾರು ನಿಲ್ಲಿಸಿದಳು.

"ಅಕ್ಕ, ಬೇಡ. ಈ ಕಡೇನೇ ಓಡಿಸ್ತೀನಿ. ಆ ವ್ಯಾನಿನ ಕೆಲಸಾನೂ ಬೇಡ ಅಂದ್ಬಿಟ್ಟೆ. ಅಲ್ಲಿಗೆ ಹೋದ್ರೆ ನನ್ನ ಕಾಲು ನನ್ನ ಮಾತು ಕೇಳಲ್ಲ."

ಅದು ನಿನ್ನ ಕಾಲಲ್ಲ ತಾಯಿ ಅನ್ನಬೇಕಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು.

"ಆಯ್ತಮ್ಮ, ಬೇಡ ಬಿಡು" ಅಂದೆ.

ಎಡಕ್ಕೆ ತಿರುಗಿಸಿದಳು. ಹಳೇ ಮಾರ್ಕೆಟ್ ಕಡೆ. ಆಗಲಾದರೂ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಸೇತುವೆ ತಪ್ಪಿತಲ್ಲ ಎಂದು ಎದೆ ಎಷ್ಟು ಹಗುರವಾಯಿತೆಂದರೆ—