ಕಬ್ಬಿಣ ಬಿಟ್ಟ ಅವ್ವ

ಅಪ್ಪಾ,

ಅಲ್ಲಿಯೂ ಬೀಡಿ ಸೇದುತ್ತಾ ಕೂತಿದ್ದರೆ, ಅದನ್ನು ಆರಿಸಿ ಓದು. ನಿನಗೆ ಸಿಟ್ಟು ಬರುವ ಸುದ್ದಿ ಇದು. ಅವ್ವನಿಗೆ ಹೊಸ ಸೈಕಲ್ ತಂದಿದ್ದೀವಿ, ಅದು ಕಬ್ಬಿಣದ್ದಲ್ಲ.

ನಮ್ಮ ಕಣದಲ್ಲಿ ನೀನು ಅವ್ವನಿಗೆ ಸೈಕಲ್ ಕಲಿಸಿದ್ದು ನೆನಪಿದೆಯಾ? "ತುಳಿ, ತುಳಿ, ನೆಲ ನೋಡಬ್ಯಾಡ, ಮುಂದೆ ನೋಡು" ಅಂತ ಹಿಂದಿನಿಂದ ಹಿಡಿದುಕೊಂಡು ಓಡುತ್ತಿದ್ದೆ. ಊರೆಲ್ಲ ನಕ್ಕರೂ ನೀನು ಕ್ಯಾರೇ ಅನ್ನಲಿಲ್ಲ. ಆಮೇಲೆ ಅವಳಿಗೆ ಅಂತಲೇ ಒಂದು ಲೇಡೀಸ್ ಸೈಕಲ್ ತಂದೆ, ಅದೂ ದಪ್ಪ ಕಬ್ಬಿಣದ್ದೇ. "ಮುರಿದ್ರೆ ಬೆಸುಗೆ ಹಾಕ್ಸಿದ್ರಾತು" ಅನ್ನುವುದು ನಿನ್ನ ಯಾವತ್ತಿನ ವಾದ.

ದನ ನುಗ್ಗದಿರಲಿ ಅಂತ ಹೊಲದ ಬಾಯಿಗೆ ನೀನೇ ಅಡ್ಡ ನಿಲ್ಲಿಸಿದ ಚಪ್ಪಡಿ ಕಲ್ಲಿದೆಯಲ್ಲ, ಫಜೀತಿಯಾದದ್ದು ಅಲ್ಲೇ. ಇಬ್ಬರ ಸೈಕಲ್ಲನ್ನೂ ಎತ್ತಿ ದಾಟಿಸುತ್ತಿದ್ದವನು ನೀನು. ನೀನು ಹೋದ ಮೇಲೆ ಅವ್ವ ಒಬ್ಬಳೇ ಎತ್ತಲು ಹೋಗಿ ಕಾಲ ಮೇಲೆ ಬೀಳಿಸಿಕೊಂಡಳು. ಕಾಲೇನೋ ವಾಸಿಯಾಯಿತು, ಅವ್ವ ಮಾತ್ರ ಹೊಲಕ್ಕೆ ಹೋಗುವುದನ್ನೇ ಬಿಟ್ಟಳು. ಬೈಕಿನಲ್ಲಿ ಬಿಡ್ತೀನಿ ಅಂದರೆ "ನಿನ್ನ ಪುರುಸೊತ್ತಿಗೆ ನಾನು ಕಾಯ್ಬೇಕೇನಲೇ?" ಅನ್ನುತ್ತಿದ್ದಳು. ಜಗಲಿ ಮೇಲೆ ಅವಳು ಹಾಗೆ ಮಂಕಾಗಿ ಕೂತಿರುವುದನ್ನು ನೋಡಲು ನನ್ನಿಂದ ಆಗಲಿಲ್ಲ, ಅಪ್ಪಾ.

ಚಳ್ಳಕೆರೆಯ ಸೈಕಲ್ ಅಂಗಡಿಗೆ ಅವಳನ್ನು ಕರೆದುಕೊಂಡು ಹೋದೆ. "ಅಲ್ಯೂಮಿನಿಯಂ ಅಮ್ಮಾ, ಹಗುರ, ತುಕ್ಕು ಹಿಡಿಯಲ್ಲ, ಬೇಫಿಕರ್ ತಗೊಳ್ಳಿ" ಅಂದ ಅಂಗಡಿಯವನು. ನಾನು ನಿನ್ನ ಮಗ, ಬಿಡ್ತೀನಾ? "ಅದು ಪಾತ್ರೆ, ಡಬರಿ ಮಾಡೋ ಲೋಹ. ಮುರಿದ್ರೆ ನಮ್ಮೂರ ವೆಲ್ಡಿಂಗಿನವನ ಕೈಲಿ ಆಗಲ್ಲ" ಅಂತ ಕಬ್ಬಿಣದ ಪರ ವಾದಕ್ಕೆ ನಿಂತೆ. ಅವ್ವನದು ಬೇರೆಯೇ ಪರೀಕ್ಷೆ. ಒಂದೊಂದೇ ಸೈಕಲ್ ಎತ್ತಿ ಅಂಗಡಿ ಮುಂದಿನ ಚರಂಡಿ ದಾಟಿಸುವುದು, ಮತ್ತೆ ಈಚೆ ತರುವುದು! ಗಿರಾಕಿಗಳೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಕೊನೆಗೆ ಅಲ್ಯೂಮಿನಿಯಂನದನ್ನು ಹಿಡಿದುಕೊಂಡು, "ನಿಮ್ಮಪ್ಪ ಇದ್ದಾಗ ಎತ್ತೋರು ಅವರು, ಕಬ್ಬಿಣ ಆದ್ರೂ ನಡೀತಿತ್ತು. ಈಗ ಎತ್ತೋಳು ನಾನು ಕಣಲೇ" ಅಂದಳು. ನಾನು ದುಡ್ಡು ಎಣಿಸಿ ಕೊಟ್ಟೆ.

ಮನೆಗೆ ತಂದ ವಾರವೇ ಇನ್ನೊಂದು ಅವಾಂತರ. ನನ್ನ ಡಬರಿ ಮಾತು ಅವಳ ತಲೆಯಲ್ಲಿ ಕೂತಿತ್ತು ಅಂತ ಕಾಣುತ್ತೆ. ಶುಕ್ರವಾರ ಪಾತ್ರೆಗಳ ಜೊತೆ ಸೈಕಲ್ಲನ್ನೂ ಬೂದಿ, ತೆಂಗಿನ ನಾರು ಹಾಕಿ ತಿಕ್ಕಿಬಿಟ್ಟಿದ್ದಾಳೆ! ಕೆಂಪು ಬಣ್ಣ ಅರ್ಧಕ್ಕರ್ಧ ಎದ್ದು ಹೋಗಿದೆ. "ನೋಡು, ಹೆಂಗೆ ಫಳಫಳ ಅಂತೈತೆ" ಅಂತ ಜಂಬ ಬೇರೆ. ಪಕ್ಕದ ಮನೆ ಗಂಗಮ್ಮ ತನ್ನ ತೆಲುಗಿನಲ್ಲಿ "ವೆಂಡಿ ಸೈಕಿಲಾ ಅಕ್ಕಾ?" ಅಂತ ಕೇಳಿದ್ದಕ್ಕೆ, ಹೌದು, ಬೆಳ್ಳಿದೇ ಅಂದುಬಿಟ್ಟಳಂತೆ.

ಈಗ ತಾನೇ ಕಲ್ಲು ದಾಟಿಸಿಕೊಂಡು ದಿನಾ ಹೊಲಕ್ಕೆ ಹೋಗುತ್ತಾಳೆ. ನಿನ್ನೆ ಸಂಜೆ ಹೊಲದಲ್ಲಿ ನೋಡಿದರೆ ಅವ್ವ ಇಲ್ಲ. ಬದುವಿನ ಮೇಲೆಲ್ಲ ಕೂಗುತ್ತಾ ಹುಡುಕಿದೆ. ಅಷ್ಟರಲ್ಲಿ ಫೋನು: "ಪಕ್ಕದೂರಾಗೆ, ಚಿಕ್ಕವ್ವನ ಮನ್ಯಾಗೆ ಇದೀನಿ. ಸೈಕಲ್ ಚೆನ್ನಾಗಿ ಓಡ್ತಿತ್ತು, ಹಂಗೇ ಬಂದೆ. ನಾಳಿಕ್ಕೆ ಬರ್ತೀನಿ, ಮುದ್ದೆ ನೀನೇ ತಿರುವ್ಕೊ." ನಾನು ಹೂಂ ಅನ್ನುವ ಮೊದಲೇ ಫೋನ್ ಇಟ್ಟಳು.

ನೀನು ಹೋದ ಮೇಲೆ ಆ ಗತ್ತಿನ ದನಿಯನ್ನು ನಾನು ಕೇಳಿರಲೇ ಇಲ್ಲ, ಅಪ್ಪಾ. ಒಬ್ಬನೇ ನಕ್ಕೆ, ಸ್ವಲ್ಪ ಅತ್ತೆ ಕೂಡ. ಮುದ್ದೆ ಗಂಟುಗಂಟಾಯಿತು, ಆದರೂ ಪೂರಾ ಉಂಡೆ.